ಮೇಕೆಯ ಕೊರಳ ಗಂಟೆ

ಬಂದರು, ಕಿಣಿಕಿಣಿ ಕಿಣಿಕಿಣಿ, ಕಾರಿಡಾರಿನ ಆ ತುದಿಯಿಂದ, ಹೊತ್ತು ಮುಳುಗುವಾಗ ಹಟ್ಟಿಗೆ ದನ ತಿರುಗಿದ ಹಾಗೆ, ಪ್ರತಿ ಅಕ್ಟೋಬರಿನ ಈ ಒಂದು ಶುಕ್ರವಾರ ಇದೇ ಸದ್ದು, ಓದಿ ಹೋದವರೆಲ್ಲ ಶಾಲೆಗೆ ಮರಳಿ ಬರುವ ಹೋಮ್‌ಕಮಿಂಗ್, ಸಂಜೆ ಫುಟ್‌ಬಾಲು, ನಾಳೆ ಕುಣಿತ, ಇವತ್ತು ಹಗಲೆಲ್ಲ ಹುಡುಗಿಯರ ಎದೆಯ ಮೇಲೆ ತಟ್ಟೆಯಗಲದ ರೇಷ್ಮೆ ಸೇವಂತಿಗೆ, ಅದರಿಂದ ಮೊಳಕಾಲಿನ ತನಕ ಇಳಿಬಿದ್ದ ರಿಬ್ಬನ್ನು, ರಿಬ್ಬನ್ನಿನ ತುದಿತುದಿಗೂ ಗಂಟೆ, ಒಂದು ರಿಬ್ಬನ್ನಿನ ಮೇಲೆ ಹುಡುಗಿಯ ಹೆಸರು, ಇನ್ನೊಂದರ ಮೇಲೆ ಅವಳನ್ನು ಕುಣಿತಕ್ಕೆ ಕರೆದು ಹೂ ಕೊಟ್ಟ ಹುಡುಗನ ಹೆಸರು — ನನ್ನ ಕೈಯಲ್ಲಿ ಸೌಟು, ಸೌಟಿನಲ್ಲಿ ಬಿಳಿ ಗ್ರೇವಿ, ಮಿಸ್ ಜಾನೆಲ್, ಗ್ರೇವಿ ಇನ್ನೊಂಚೂರು ಹಾಕಿ, ಮಿಸ್ ಜಾನೆಲ್, ನಂಗೆ ಎರಡು ಬನ್ನು, ಸಂಜೆ ಮ್ಯಾಚ್ ಗೆಲ್ಲಿಸ್ಬೇಕಲ್ಲ ನಾನು, ಗೆಲ್ಲಿಸ್ತೀಯಪ್ಪ ನೀನು, ಹೋದ ವಾರ ಚೆಂಡು ಬಿಟ್ಟು ಗಾಳಿ ಹಿಡಿದೋನು, ಸಾಲಿನವರೆಲ್ಲ ಗೊಳ್ಳೆನ್ನುತ್ತಾರೆ, ನಾನೂ ನಗುತ್ತೇನೆ, ಬಾಯಿ ತಾನೇ ತಾನಾಗಿ ನಗುತ್ತದೆ, ಹದಿನಾರು ವರ್ಷ ಶಾಲೆಯ ಊಟದ ಮನೆಯ ಈ ಕಟ್ಟೆಯ ಹಿಂದೆ ನಿಂತ ಬಾಯಿ ಇದು, ಆದರೆ ಕಿವಿ ಇಲ್ಲಿಲ್ಲ, ಕಿವಿ ಆ ಕಿಣಿಕಿಣಿಯ ನಡುವೆ ಒಂದು ಮೊಂಡು ಸದ್ದನ್ನು ಹುಡುಕುತ್ತಿದೆ, ಟಿಣ್ ಅಲ್ಲ, ಟಣ್ ಅಲ್ಲ, ಡೊಕ್, ಮೇಕೆಯ ಕೊರಳ ಹಳೇ ಹಿತ್ತಾಳೆ ಗಂಟೆಯ ಡೊಕ್, ದೇವರೇ ಅದು ಕೇಳದೇ ಇರಲಿ, ಅಥವಾ ಕೇಳಲಿ, ಕೇಳಿದರೆ ನನ್ನ ಮಗಳು ಕ್ಯಾಸಿಡಿ ಎಲ್ಲಿದ್ದಾಳೆ ಎಂದಾದರೂ ಗೊತ್ತಾದೀತು, ಕೇಳದೆ ಹೋದರೆ ಅದನ್ನು ಈಗಾಗಲೇ ನೋಡಿ ಕಿತ್ತೆಸೆದು ಎಲ್ಲಿ ಬಾಗಿಲು ಹಾಕಿಕೊಂಡು ಕೂತಳೋ ಎಂದು ನಾನು ಸಾಯಬೇಕು. ಹತ್ತು ಗಂಟೆಯ ತನಕ ನನಗೇನೂ ಗೊತ್ತಿರಲಿಲ್ಲ. ಹತ್ತು ಗಂಟೆಗೆ ನನ್ನ ಜೊತೆ ಅಡುಗೆ ಮಾಡುವ ಲಾವೋನ್ ಹಿಟ್ಟು ನಾದುತ್ತ ನಾದುತ್ತ, ಅಲ್ಲ ಕಣೇ ಜಾನೆಲ್, ನೀನು ಡಬ್ಬೀಲಿ ತಂದಿದ್ಯಲ್ಲ ಗಂಟೆ, ಅದರಲ್ಲೊಂದು ಎಂಥದ್ದೇ ಮಾರಾಯ್ತಿ, ಒಳಗೆ ನಾಲಿಗೆ ಬದಲು ಲಾಳದ ಮೊಳೆ ನೇತಾಕಿದಾರೆ, ನಿನ್ನೆ ನಮ್ಮ ಕೋಲ್ಬಿ ಸೇವಂತಿಗೆ ಪೆಟ್ಟಿಗೆ ಎತ್ತಿದಾಗ ಡೊಕ್ ಅಂತು, ಊರ ಮೇಕೆಗಳೆಲ್ಲ ನಿನ್ನ ಹಿಂದೆ ಬರ್ತಾವೆ ನೋಡು ಅಂದೆ ಅವನಿಗೆ — ನಕ್ಕಳು, ಹಿಟ್ಟಿನ ಕೈಯಲ್ಲೇ ಕಣ್ಣೀರು ಒರೆಸಿಕೊಂಡು ನಕ್ಕಳು, ನನ್ನ ಕೈಯಿಂದ ಬನ್ನಿನ ತಟ್ಟೆ ಜಾರಿತು, ನಲವತ್ತು ಬನ್ನು ನೆಲದ ಮೇಲೆ, ಅಯ್ಯೋ ನಿನ್ನ ಕೈಗಿಷ್ಟು, ಏನಾಯ್ತೇ, ಏನಿಲ್ಲ ಬೆಣ್ಣೆ ಜಿಡ್ಡು ಎಂದೆ. ಆಮೇಲೆ ಬಾಗಿ ಬನ್ನುಗಳನ್ನು ಒಂದೊಂದಾಗಿ ಆರಿಸಿ ಹಂದಿಯ ಬಕೆಟ್ಟಿಗೆ ಹಾಕಿದೆ.

ಲಾಳದ ಮೊಳೆ ಹಾಕಿದ್ದು ನನ್ನಪ್ಪ. ಶಾಲೆಯಲ್ಲಿ ನನ್ನ ಕೊನೆಯ ವರ್ಷದ ಸೇವಂತಿಗೆಗೆ ಅಂಗಡಿಯ ಗಂಟೆ ಕಟ್ಟುತ್ತಿದ್ದೆ, ಅಪ್ಪ ಟೋಪಿ ಹಿಂದಕ್ಕೆ ಸರಿಸಿ ನೋಡಿ, ಏನದು ಸೊಳ್ಳೆ ಗುಂಯ್ಗುಟ್ಟಿದ ಹಾಗೆ, ಆ ಜನಜಂಗುಳೀಲಿ ನಿನ್ನ ನಾನು ಹೆಂಗೆ ಹುಡುಕ್ಲಿ ಮಗಾ, ಎಂದು ಕೊಟ್ಟಿಗೆಗೆ ಹೋಗಿ ಪರ್ಲ್ ಎಂಬ ಮೇಕೆಯ ಕೊರಳಿನಿಂದ ನಿಂಬೆಹಣ್ಣಿನ ಗಾತ್ರದ ಗಂಟೆ ಬಿಚ್ಚಿ ತಂದಿದ್ದ, ಅವಳೇನೂ ಇವತ್ತು ಎಲ್ಲೂ ಹೋಗಲ್ಲ, ನೀನು ಹಾಕ್ಕೋ. ಎಲ್ಲರೂ ನಕ್ಕಿದ್ದರು, ನಾನು ಅತ್ತಿದ್ದೆ, ಕೊನೆಗೆ ಕಟ್ಟಿಕೊಂಡು ಹೋಗಿದ್ದೆ, ಅಪ್ಪ ಕ್ರೀಡಾಂಗಣದ ಆ ಗದ್ದಲದಲ್ಲೂ ನೇರ ನನ್ನ ಹತ್ತಿರವೇ ಬಂದಿದ್ದ. ಅಪ್ಪ ಹೋದ, ಮದುವೆ ಹೋಯಿತು, ಆ ಸೇವಂತಿಗೆ ಮಾತ್ರ ನನ್ನ ಬಟ್ಟೆಯ ಬೀರುವಿನೊಳಗೆ ಮೊಳೆಗೆ ತೂಗಿಕೊಂಡು ಇಪ್ಪತ್ತೈದು ವರ್ಷ ಧೂಳು ತಿಂದಿತು, ಕ್ಯಾಸಿಡಿ ಅಂಬೆಗಾಲಿಟ್ಟು ಬೀರುವಿನ ಬಾಗಿಲು ತೆರೆಯುತ್ತಿದ್ದುದೇ ಅದಕ್ಕಾಗಿ, ಹಲ್ಲು ಬರುವಾಗ ಕಚ್ಚಿದ್ದೂ ಅದನ್ನೇ, ಅಂಚಿನಲ್ಲಿ ಮೂರು ಸಣ್ಣ ತಗ್ಗು ಇವೆ, ನನ್ನ ಮಗಳ ಹಲ್ಲಿನ ಗುರುತು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ, ಕಿವಿನೋವು ಬಂದರೆ ಗಂಟೆ ದಿಂಬಿನ ಪಕ್ಕ, ಒಂದು ಸಲ ಬಾರಿಸಿದರೆ ನೀರು, ಎರಡು ಸಲ ಬಾರಿಸಿದರೆ ಅಮ್ಮಾ ಬಂದು ಪಕ್ಕದಲ್ಲಿ ಕೂತ್ಕೋ, ಡೊಕ್ ಡೊಕ್, ಬಂದೆ ಚಿನ್ನಾ ಬಂದೆ, ಒದ್ದೆ ಕೈಯಲ್ಲೇ ಓಡುತ್ತಿದ್ದೆ, ಎಷ್ಟೋ ಸಲ ನೋವೇನೂ ಇರುತ್ತಿರಲಿಲ್ಲ, ಸುಮ್ಮನೆ ಬರ್ತೀಯಾ ಅಂತ ನೋಡಿದೆ ಎನ್ನುತ್ತಿದ್ದಳು. ಇದೇ ಈಸ್ಟರ್ ಹೊತ್ತಿಗೆ ತಂತಿ ತುಕ್ಕು ಹಿಡಿದು ಗಂಟೆ ಕಳಚಿ ಬಿತ್ತು, ಕೈಗೆ ಸಿಕ್ಕಿದ ಬಿಸ್ಕತ್ತಿನ ಡಬ್ಬಿಗೆ ಹಾಕಿದೆ, ಮರೆತೆ. ಅದೇ ಡಬ್ಬಿ. ಭಾನುವಾರ ಲಾವೋನಳ ಗ್ಯಾರೇಜಿನಲ್ಲಿ ಗಂಟೆ ಸಾಲದೆ ಬಂದಾಗ ಆ ಡಬ್ಬಿಯನ್ನೇ ಪೇಪರಿನ ಮೇಲೆ ಬೋರಲು ಸುರಿದೆ, ಹಳೇ ಕ್ರಿಸ್‌ಮಸ್ ಗಂಟೆ, ಬೆಕ್ಕಿನ ಗಂಟೆ, ಅದೆಷ್ಟೋ, ಕೊನೆಯ ವರ್ಷದವರ ಸೇವಂತಿಗೆ ಬಿಳಿ ಮತ್ತು ಬೆಳ್ಳಿ ಮಾತ್ರ, ಬೇರೆ ಬಣ್ಣದ ಚೂರು ಕಂಡರೂ ಹುಡುಗಿಯರು ಆಡಿಕೊಳ್ಳುತ್ತಾರೆ, ಅದಕ್ಕೇ ಲಾವೋನ್ ಬಣ್ಣದ ಡಬ್ಬಿ ಅಲ್ಲಾಡಿಸಿ ಎಲ್ಲದರ ಮೇಲೂ ಬೆಳ್ಳಿ ಉಗುಳಿಸಿದಳು, ಪುಸ್ ಪುಸ್, ಎಲ್ಲ ಒಂದೇ ಆದವು, ನಡುರಾತ್ರಿಯ ಆತುರದಲ್ಲಿ ಸರಿಯಾಗಿ ನೋಡದೆ ತಂತಿಯಲ್ಲಿ ಬಿಗಿದೆ. ನಾನೇ ಬಿಗಿದೆ, ಈ ಎರಡು ಕೈಯಲ್ಲಿ. ಬಣ್ಣ ಹಲ್ಲಿನ ಗುರುತನ್ನು ಮುಚ್ಚುವುದಿಲ್ಲ, ಸದ್ದನ್ನಂತೂ ಮೊದಲೇ ಮುಚ್ಚುವುದಿಲ್ಲ.

ಮಾಡಬೇಡ ಎಂದಿದ್ದಳು ಕ್ಯಾಸಿಡಿ. ಸೆಪ್ಟೆಂಬರಿನಲ್ಲೇ, ಅಡುಗೆಮನೆಯಲ್ಲಿ, ನಾನು ಮೆಕ್ಕೆಜೋಳದ ರೊಟ್ಟಿ ಒಲೆಯಿಂದ ತೆಗೆಯುತ್ತಿದ್ದಾಗ, ಅಮ್ಮಾ ಇಲ್ಲಿ ಬಾ, ಬೈಬಲ್ ಮೇಲೆ ಕೈ ಇಡು, ಇಡು ಅಂದ್ರೆ ಇಡು, ಈ ಸಲ ಯಾವ ಹುಡುಗನೂ ನನ್ನ ಕುಣಿತಕ್ಕೆ ಕರೀಲಿಲ್ಲ ಅಂದ್ರೆ ನೀನು ಸೇವಂತಿಗೆ ಮಾಡಿಕೊಡಬಾರದು, ಯಾರ ಹತ್ರಾನೂ ಹೇಳಿ ಮಾಡಿಸಬಾರದು, ತಾಯಿ ಕಟ್ಟಿದ ಸೇವಂತಿಗೆ ಹಾಕ್ಕೊಂಡು ಹೋಗೋದಕ್ಕಿಂತ ಬೋಳಾಗಿ ಹೋಗೋದು ವಾಸಿ, ನಂಗೆ ಕನಿಕರ ಬೇಡ ಅಮ್ಮಾ, ನಿನ್ನ ಕನಿಕರವಂತೂ ಬೇಡವೇ ಬೇಡ. ನಗುತ್ತಲೇ ಹೇಳಿದಳು, ಆದರೆ ಕೈ ನನ್ನ ಕೈಯನ್ನು ಪುಸ್ತಕದ ಮೇಲೆ ಒತ್ತಿ ಹಿಡಿದಿತ್ತು. ಆಣೆ ಮಾಡಿದೆ. ಮಾಡಿ ಎರಡೇ ವಾರಕ್ಕೆ ಮುರಿದೆ, ನರಕಕ್ಕೆ ಹೋಗುವುದಾದರೆ ಹೋಗುತ್ತೇನೆ, ಹೋದ ವರ್ಷ ನೋಡಿದವಳು ನಾನು, ನೀವ್ಯಾರೂ ನೋಡಿಲ್ಲ. ಹೋದ ವರ್ಷ ಇದೇ ಶುಕ್ರವಾರ ಕ್ಯಾಸಿಡಿ ಎದೆಯ ಮೇಲೆ ಹೂವಿಲ್ಲದೆ ಬಂದಳು, ಹಿಂಬಾಗಿಲಿನಿಂದ, ಅಮ್ಮಾ ನಾನು ಉಗ್ರಾಣದಲ್ಲಿ ಕೂತು ಊಟ ಮಾಡ್ಲಾ, ಹೊರಗೆ ಗಲಾಟೆ, ಮೈದಾ ಚೀಲದ ಮೇಲೆ ಕೂತು ಒಂದು ಬನ್ನನ್ನು ಮುಕ್ಕಾಲು ಗಂಟೆ ತಿಂದಳು, ಹೊರಗೆ ಕಿಣಿಕಿಣಿ, ಅವಳು ಪ್ರತಿ ಕಿಣಿಗೂ ಕಣ್ಣು ಮುಚ್ಚುತ್ತಿದ್ದಳು, ಸಂಜೆ ಮನೆಗೆ ಹೋದರೆ ಸಿಂಕಿನ ತುಂಬ ಕೂದಲು, ಕೋಳಿ ಕತ್ತರಿಸುವ ಕತ್ತರಿಯಲ್ಲಿ ತಾನೇ ಕತ್ತರಿಸಿಕೊಂಡಿದ್ದಳು, ಹಗುರ ಆಯ್ತು ಎಂದಳು. ಆಮೇಲೆ ಮಾತು ಕಡಿಮೆಯಾಯಿತು, ಆಮೇಲೆ ಊಟ, ನವೆಂಬರಿನಲ್ಲಿ ನಾನು ಬಾತ್‌ರೂಮಿನ ಬಾಗಿಲಿನ ಚಿಲಕ ಬಿಚ್ಚಿ ತೆಗೆದೆ, ನಾಲ್ಕು ಸ್ಕ್ರೂ, ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ನನ್ನ ಕೈಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಬರುತ್ತಿದ್ದೆ, ಒಳಗಿನಿಂದ ನೀರು ಬೀಳುವ ಸದ್ದು ನಿಂತರೆ ಬಾಗಿಲ ಹೊರಗೆ ನಿಂತು ಕ್ಯಾಸ್, ಕ್ಯಾಸ್, ಟವೆಲ್ ಬೇಕೇನೇ ಎನ್ನುತ್ತಿದ್ದೆ, ಬೇಡಮ್ಮಾ ಎನ್ನುವ ತನಕ ನನಗೆ ಉಸಿರಿಲ್ಲ, ಏಪ್ರಿಲ್ ತನಕ ಹಾಗೆಯೇ ಬದುಕಿದೆವು. ಅಷ್ಟಾದ ಮೇಲೆ ಒಂದು ಆಣೆ ನನಗೆ ಯಾವ ಲೆಕ್ಕ. ಹೆತ್ತವಳು ಸುಮ್ಮನಿರಬೇಕಾಗಿತ್ತು ಎಂದು ಹೇಳುವವರು ಆ ಬಾಗಿಲ ಹೊರಗೆ ಒಂದು ದಿನ ನಿಂತು ನೋಡಲಿ.

ಮಗನ ಮಾತು ತೆಗೆದು ಲಾವೋನಳೇ ಅಂದಿದ್ದು, ನಮ್ಮ ಕೋಲ್ಬಿಗೂ ಯಾರೂ ಇಲ್ಲ ಕಣೇ, ಬ್ಯಾಂಡಿನಲ್ಲಿ ಆ ಹೆಬ್ಬಾವಿನಂಥ ಹಿತ್ತಾಳೆ ಕಹಳೆ ಸುತ್ತಿಕೊಂಡು ಊದೋ ಹುಡುಗನಿಗೆ ಯಾವ ಹುಡುಗಿ ಸಿಕ್ತಾಳೆ, ಕೇಳಿ ನೋಡೋಣ. ಕೇಳಿದೆವು, ಗ್ಯಾರೇಜಿನಲ್ಲಿ, ಅವನ ಕಿವಿ ಕೆಂಪಗಾಯಿತು, ಶೂ ನೋಡಿಕೊಂಡು ನಿಂತ, ಮಿಸ್ ಜಾನೆಲ್, ನಾನೇ ಕೇಳೋಣ ಅಂತಿದ್ದೆ, ಮುಂದಿನ ವಾರ, ಧೈರ್ಯ ಮಾಡ್ತಾ ಇದ್ದೆ. ಒಳ್ಳೆಯ ಹುಡುಗ, ನನ್ನ ಮುಖ ಉಳಿಸಲು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ, ಅವನ ಬೆನ್ನು ತಟ್ಟಿದೆ, ಈಗ, ಈ ಗ್ರೇವಿಯ ಮುಂದೆ ನಿಂತು, ಅದು ಸುಳ್ಳಲ್ಲದಿದ್ದರೆ ಎಂದು ಹೊಳೆಯುತ್ತಿದೆ, ಒಂದೇ ಒಂದು ವಾರ ಬಾಯಿ ಮುಚ್ಚಿಕೊಂಡು ಕಾಯ್ದಿದ್ದರೆ ಅವನು ತಾನಾಗಿ ಬಂದು ಕೇಳುತ್ತಿದ್ದನೋ ಏನೋ, ವಾಡಿಕೆಯಂತೆ ಹುಡುಗನ ತಾಯಿ ಲಾವೋನ್ ತಾನೇ ಸೇವಂತಿಗೆ ಕಟ್ಟುತ್ತಿದ್ದಳು, ಇನ್ನು ಅದನ್ನು ಯಾರು ನಂಬುತ್ತಾರೆ, ಕ್ಯಾಸಿಡಿ ನಂಬುತ್ತಾಳೆಯೇ, ಆ ಗಂಟೆ ನೋಡಿದ ಮೇಲೆ ಕೋಲ್ಬಿ ಇನ್ನು ನೂರು ಸಲ ಮಂಡಿಯೂರಿದರೂ ಅವಳಿಗೆ ಅವನ ಹಿಂದೆ ನಾನೇ ಕಾಣುತ್ತೇನೆ, ಸೌಟು ಹಿಡಿದುಕೊಂಡು. ನಿನ್ನೆ ಸಂಜೆ ಅವನು ಬಂದ, ಅಂಗಿಯ ಗುಂಡಿ ಕೊರಳ ತನಕ ಹಾಕಿ, ಪೆಟ್ಟಿಗೆ ಹೊತ್ತು, ಮುಂಬಾಗಿಲ ಮೆಟ್ಟಿಲ ಮೇಲೆ ಎಡವಿ, ಕ್ಯಾಸ್, ನನ್ನ ಜೊತೆ ನಾಳಿದ್ದು ಕುಣಿಯೋಕೆ ಬರ್ತೀಯಾ, ನಂಗೆ ಕುಣಿಯೋಕೆ ಬರಲ್ಲ ಅಂತ ಮೊದಲೇ ಹೇಳಿಬಿಡ್ತೀನಿ, ವಾರವೆಲ್ಲ ಅವರಮ್ಮನ ಪೊರಕೆ ಹಿಡಿದು ಹೆಜ್ಜೆ ಕಲಿತಿದ್ದ ಪಾಪ, ನಾನು ಒಳಗಿನಿಂದ ಬಂದು, ಅಯ್ಯೋ ದೇವರೇ, ಎಷ್ಟು ದೊಡ್ಡದು, ಎಷ್ಟು ಚೆಂದ, ಲಾವೋನ್ ನನಗೆ ಒಂದು ಮಾತೂ ಹೇಳ್ಲಿಲ್ಲ ನೋಡು ಕಳ್ಳಿ, ಎಂದು ಕೆನ್ನೆಗೆ ಕೈಹಚ್ಚಿ ನಾಟಕವಾಡಿದೆ, ಎಷ್ಟು ಮಾತಾಡಿದೆ, ಉಸಿರು ಬಿಡದೆ ಮಾತಾಡಿದೆ, ಕ್ಯಾಸಿಡಿಯ ಮುಖ, ಆ ಮುಖವನ್ನು ನಾನು ಒಂದು ವರ್ಷದಿಂದ ನೋಡಿರಲಿಲ್ಲ, ದೀಪ ಹಚ್ಚಿದ ಹಾಗಿತ್ತು, ಬರ್ತೀನಿ ಎಂದಳು, ಕೋಲ್ಬಿ ಹೂವಿಗೆ ಪಿನ್ನು ಚುಚ್ಚಿದ, ಅವಳು ಮೆಟ್ಟಿಲ ಮೇಲೆಯೇ ಒಂದು ಸುತ್ತು ತಿರುಗಿದಳು, ರಿಬ್ಬನ್ನೆಲ್ಲ ಹಾರಿದವು, ಇನ್ನೊಂದು ಸುತ್ತು ತಿರುಗಹೋಗಿ ಅರ್ಧಕ್ಕೇ ನಿಂತಳು, ನಮಗೆ ಬೆನ್ನು ಹಾಕಿ, ತಲೆ ಸುತ್ತಿಬಿಡ್ತು ಎಂದಳು, ನಕ್ಕಳು. ಇವತ್ತು ಬೆಳಿಗ್ಗೆ ಕಾರಿನಲ್ಲಿ ಸೇವಂತಿಗೆಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಹತ್ತಿ ಮಿಲ್ಲು ದಾಟುವಾಗ, ಅಮ್ಮಾ ನಿಂಗೆ ಇಷ್ಟ ಆಯ್ತಾ ಇದು, ಹ್ಞೂಂ ಮತ್ತೆ, ಲಾವೋನಳ ಕೈಕೆಲಸ ಅಂದ್ರೆ ಏನು, ಅವಳು ಕಿಟಕಿಯ ಹೊರಗೆ ನೋಡುತ್ತ, ತುಂಬ ಹೊತ್ತು ಕೂತು ಮಾಡಿರ್ಬೇಕು ಎಂದಳು. ಹೌದು ಮಗಾ, ತುಂಬ ಹೊತ್ತು ಹಿಡಿಯುತ್ತೆ ಎಂದೆ.

ಬಂದಳು. ಊಟದ ಸಾಲಿನಲ್ಲಿ ಏಳನೆಯವಳು, ಕೂದಲು ಮತ್ತೆ ಭುಜದ ತನಕ ಬೆಳೆದಿದೆ, ಬಿಳಿ-ಬೆಳ್ಳಿ ಸೇವಂತಿಗೆ ಎಲ್ಲರದಕ್ಕಿಂತ ದೊಡ್ಡದಾಗಿ ಕಾಣುತ್ತಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಎಲ್ಲರದಕ್ಕಿಂತ ಚೆನ್ನಾಗಿದೆ, ಹೆಣೆದ ಸರಗಳು ಎಷ್ಟು ನೇರ, ಬಿಸಿ ಅಂಟಿನಲ್ಲಿ ಬೆರಳು ಸುಟ್ಟುಕೊಂಡು ಅಂಟಿಸಿದ ಅಕ್ಷರಗಳು, ಕ್ಯಾಸಿಡಿ, ಕೋಲ್ಬಿ, ನಡುವೆ ಬಿಳಿ ಕರಡಿಮರಿ, ಮತ್ತು ಅವಳು ನಗುತ್ತಿದ್ದಾಳೆ, ಪಕ್ಕದ ಹುಡುಗಿ ಅವಳ ರಿಬ್ಬನ್ನು ಹಿಡಿದು ನೋಡಿ, ಅಮ್ಮಮ್ಮಾ ಕ್ಯಾಸ್, ಕೋಲ್ಬಿಗೆ ಇಷ್ಟೊಂದು ಅಭಿರುಚಿ ಇದೆ ಅಂತ ಯಾರಿಗೆ ಗೊತ್ತಿತ್ತು, ನನ್ನೋನು ನೋಡು ಹುಲ್ಲುಹೊರೆ ತಂದು ಚುಚ್ಚಿದಾನೆ, ಅವಳು ನಕ್ಕಳು, ನನ್ನ ಮಗಳು ಊಟದ ಸಾಲಿನಲ್ಲಿ ಬೇರೆ ಹುಡುಗಿಯರ ಜೊತೆ ನಕ್ಕಳು, ನೋಡಿಲ್ಲ ಹಾಗಾದರೆ, ಇನ್ನೂ ನೋಡಿಲ್ಲ, ಅಷ್ಟು ರಿಬ್ಬನ್ನಿನ ನಡುವೆ ಒಂದು ಗಂಟೆ, ನೋಡಿರಲಿಕ್ಕಿಲ್ಲ, ದೇವರು ದೊಡ್ಡವನು, ನನ್ನ ಏಪ್ರನ್ನಿನ ಜೇಬಿನಲ್ಲಿ ಕತ್ತರಿ ಇದೆ, ಹತ್ತೂವರೆಗೇ ಹಾಕಿಟ್ಟುಕೊಂಡಿದ್ದೇನೆ, ಬೆಂಕಿ ಬಿದ್ದ ಮೇಲೆ ಬಾವಿ ತೋಡುವವಳು, ಒಂದೇ ಕ್ಷಣ ಸಾಕು, ದೊಡ್ಡ ಗಂಟೆ ಬಿಗಿದದ್ದು ಎಡದಿಂದ ನಾಲ್ಕನೇ ರಿಬ್ಬನ್ನಿಗೆ, ಕಚಕ್ — ಕ್ಯಾಸ್, ಬಾ ಇಲ್ಲಿ, ಕಟ್ಟೆಯ ಈ ಕಡೆಗೆ ಬಾ ಒಂದ್ನಿಮಿಷ, ಏನಮ್ಮಾ, ಏನಿಲ್ಲ, ಅಲ್ಲೊಂದು ದಾರ ಬಿಟ್ಟಿದೆ, ಕಾಲಿಗೆ ಸಿಕ್ಕಿ ಬಿದ್ದೀಯ, ಕತ್ತರಿಸಿಬಿಡ್ತೀನಿ, ನನ್ನ ಕೈ ಮುಂದೆ ಚಾಚಿತು, ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಬಲಗೈ ರಿಬ್ಬನ್ನುಗಳ ಒಳಗಿತ್ತು, ತಟ್ಟೆಯನ್ನು ಎಡಗೈ ಒಂದರಲ್ಲೇ ಹಿಡಿದಿದ್ದಳು, ತಟ್ಟೆ ವಾಲಿತು, ಗ್ರೇವಿ ಅಂಚಿಗೆ ಬಂತು, ಬೇಡಮ್ಮಾ, ದಾರ ಗೀರ ಏನೂ ಇಲ್ಲ, ಎಲ್ಲ ಸರಿ ಇದೆ. ಕೊಡೇ, ಒಂದೇ ನಿಮಿಷ, ನನ್ನ ದನಿ ನನಗೇ ಕೀರಲಾಗಿ ಕೇಳಿತು, ಸಾಲಿನವರು ನೋಡಿದರು, ಹಿಂದಿನಿಂದ ಯಾರೋ, ಮಿಸ್ ಜಾನೆಲ್, ಹಸಿವು, ಎಂದು ಕೂಗಿದ, ಕ್ಯಾಸಿಡಿ ಕಟ್ಟೆಯ ಮೇಲೆ ಬಾಗಿ ನನ್ನ ಹತ್ತಿರ ಬಂದು ಮೆತ್ತಗೆ, ಅಮ್ಮಾ, ಎಲ್ಲ ಸರಿ ಇದೆ ಅಂದ್ನಲ್ಲ, ನಾನು ಖುಷಿಯಾಗಿದೀನಿ, ನೋಡು, ಎಂದು ಹಲ್ಲು ಕಾಣುವ ಹಾಗೆ ನಕ್ಕು ತೋರಿಸಿದಳು. ಮತ್ತೆ ಸಾಲು ಮುಂದೆ ಸರಿಯಿತು, ನಾನು ಗ್ರೇವಿ ಹಾಕಿದೆ, ನೂರಾ ಎಂಬತ್ತು ತಟ್ಟೆಗೆ ಹಾಕಿದೆ, ನಾಳೆ ಸಂಜೆ ಈ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ ಇಲ್ಲೇ ಕುಣಿತ, ನಾನೇ ಪಾನಕದ ಬೋಗುಣಿಯ ಪಕ್ಕ ನಿಲ್ಲಬೇಕು, ಅವಳು ಕುಣಿಯುವುದನ್ನು ನೋಡಬೇಕು ಎಂದು ಎಷ್ಟು ಆಸೆಪಟ್ಟು ಹೆಸರು ಕೊಟ್ಟಿದ್ದೆ. ಲಾವೋನ್ ಬಂದು, ಮಗಳು ಚೆಂದ ಕಾಣ್ತಾಳೆ ಬಿಡೇ, ನೀನ್ಯಾಕೆ ಹೆಣ ಹೊತ್ತೋರ ಥರ ಮುಖ ಮಾಡ್ಕೊಂಡಿದೀಯ, ಎಂದು ಭುಜಕ್ಕೆ ಗುದ್ದಿದಳು.

ಎರಡೂವರೆಗೆ ಪಾತ್ರೆಗಳನ್ನು ಹಾಗೆಯೇ ಬಿಟ್ಟು, ತಂಡವನ್ನು ಹುರಿದುಂಬಿಸುವ ಸಭೆಗೆ ಎಲ್ಲ ಸೇರಿದ ಜಿಮ್ಮಿನ ಬಾಗಿಲಿಗೆ ಬಂದು ನಿಂತಿದ್ದೇನೆ, ತಲೆಗೆ ಬಲೆಟೋಪಿ ಹಾಗೆಯೇ ಇದೆ, ಊರೇ ಬಂದಂತಿದೆ, ಮೆಟ್ಟಿಲು ಮೆಟ್ಟಿಲು ಜನ, ನೆಲ ಅದುರುತ್ತಿದೆ, ಗೋಡೆಯ ಮೇಲೆ ನಮ್ಮ ಶಾಲೆಯ ಗುರುತಾದ ಕೊಂಬಿನ ಓತಿಕ್ಯಾತ ಬಾಯಿ ಕಳೆದು ಕೂತಿದೆ, ನಮ್ಮ ತಂಡವೇ ಟ್ವಿನ್ ಮೆಸ್ಕೀಟ್ ಊರಿನ ಓತಿಕ್ಯಾತಗಳು, ಹೆಸರು ಕೇಳಿ ಪರವೂರಿನವರು ನಗುತ್ತಾರೆ, ಸೋತು ಹೋಗುವಾಗ ನಗುವುದಿಲ್ಲ, ಬ್ಯಾಂಡಿನ ಕೊನೆಯ ಸಾಲಿನಲ್ಲಿ ಕೋಲ್ಬಿ ಆ ಹಿತ್ತಾಳೆಯೊಳಗೆ ಸಿಕ್ಕಿಕೊಂಡು ನಿಂತಿದ್ದಾನೆ, ಕಿವಿ ಕೆಂಪು, ಕೋಚ್ ಮೈಕು ಹಿಡಿದು, ಕೊಂಬು ಎತ್ತಿ ಎಂದರೆ ಆರುನೂರು ಕೈ ಎರಡು ಬೆರಳ ಕೊಂಬು ಮಾಡಿ ಮೇಲೇಳುತ್ತವೆ, ನಾನು ಎತ್ತುವುದಿಲ್ಲ, ನನ್ನ ಕೈ ಜೇಬಿನಲ್ಲಿ ಕತ್ತರಿಯ ಮೇಲಿದೆ. ಬೇಗ ಮುಗಿಯಲಿ, ಮುಗಿದ ಮೇಲೆ ಮನೆಗೆ ಹೋಗುವ ದಾರಿಯಲ್ಲಿ, ಕಾರಿನಲ್ಲಿ, ಅವಳು ಬಟ್ಟೆ ಬದಲಿಸುವಾಗ, ಯಾವಾಗಲಾದರೂ ಕತ್ತರಿಸಿಬಿಡುತ್ತೇನೆ, ಅಷ್ಟರ ತನಕ — ಈಗ, ಎನ್ನುತ್ತಾನೆ ಕೋಚ್, ಈಗ ನೀವೆಲ್ಲ ಕಾಯ್ತಾ ಇರೋದು, ಕೊನೇ ವರ್ಷದ ಹುಡುಗೀರೆಲ್ಲ ಕೆಳಗೆ ಬನ್ನಿ, ಊರಿಗೆಲ್ಲ ಹೆಚ್ಚು ಗದ್ದಲದ ಸೇವಂತಿಗೆ ಯಾರದ್ದು, ಒಬ್ಬೊಬ್ರೇ ನಡುವೆ ಬಂದು ಹತ್ತು ಸಲ ಹಾರಬೇಕು, ಉಳಿದೋರು ಬಾಯಿಗೆ ಬೀಗ, ಒಬ್ಬರೂ ಪಿಟ್ ಅನ್ನಬಾರದು. ಅಯ್ಯೋ. ಇದನ್ನು ಮರೆತೇಬಿಟ್ಟಿದ್ದೆ, ಪ್ರತಿ ವರ್ಷ ಇರುತ್ತದೆ, ನಾನೇ ಹಾರಿದ್ದೆ, ನನ್ನಪ್ಪ ಮೇಲಿನ ಮೆಟ್ಟಿಲಿನಿಂದ, ಪರ್ಲ್ ಗೆದ್ಲು ಪರ್ಲ್ ಗೆದ್ಲು ಎಂದು ಕೂಗಿ ಮಾನ ಕಳೆದಿದ್ದ, ಈಗ ಅವಳು ಹಾರುತ್ತಾಳೆ, ಅದು ಡೊಕ್ ಎನ್ನುತ್ತದೆ, ಈ ನಿಶ್ಶಬ್ದದಲ್ಲಿ, ಇಡೀ ಊರಿನ ಎದುರು, ಮೊದಲನೇ ಡೊಕ್ಕಿಗೇ ಅವಳು ತಲೆ ಬಗ್ಗಿಸಿ ನೋಡುತ್ತಾಳೆ, ಬೆಳ್ಳಿಯ ಕೆಳಗಿನ ತನ್ನ ಹಲ್ಲಿನ ಗುರುತು ನೋಡುತ್ತಾಳೆ, ನಡು ಅಂಗಳದಲ್ಲಿ, ಅಲ್ಲಿಂದ ಎಲ್ಲಿಗೆ ಓಡುತ್ತಾಳೆ, ಓಡಿ ಮನೆಗೆ ಹೋದರೆ ಬಾತ್‌ರೂಮಿಗೆ ಚಿಲಕ ಇದೆ, ಮೇ ತಿಂಗಳಲ್ಲಿ ನಾನೇ ಮತ್ತೆ ಹಾಕಿಸಿದೆ, ನಂಬಿಕೆ ಬಂತು ಎಂದು, ಹಾಕಿಸಿದ ಈ ಕೈ ಕತ್ತರಿಸಿ ಹೋಗಲಿ. ಒಬ್ಬಳು ಹಾರಿದಳು, ಕಿಣಿಕಿಣಿ, ಚಪ್ಪಾಳೆ, ಇನ್ನೊಬ್ಬಳು, ಇನ್ನೊಬ್ಬಳು, ಕ್ಯಾಸಿಡಿಯ ಮುಂದೆ ಮೂವರಿದ್ದಾರೆ, ಇಬ್ಬರು, ಒಳಗೆ ನುಗ್ಗಿ ಬೆಂಕಿ ಬಿತ್ತು ಎಂದು ಕೂಗಲೇ, ಎದೆ ಹಿಡಿದುಕೊಂಡು ಇಲ್ಲೇ ಬಿದ್ದುಬಿಡಲೇ, ಬಿದ್ದರೆ ಅವಳು ನನ್ನ ಕಡೆಗೇ ಓಡಿಬರುತ್ತಾಳೆ, ಓಡಿಬಂದರೂ ಡೊಕ್ ಡೊಕ್ ಡೊಕ್, ಒಬ್ಬಳು. ಕ್ಯಾಸಿಡಿ ನಡುವೆ ಬಂದಳು. ಬ್ಯಾಂಡಿನ ಹಿಂದಿನಿಂದ ಕೋಲ್ಬಿಯ ಹಿತ್ತಾಳೆ ಬೂಂ ಎಂದು ಒಂದೇ ಒಂದು ಸಲ ಕೂಗಿತು, ಜನ ಹೋ ಎಂದು ನಕ್ಕರು, ಅವಳೂ ಅತ್ತ ನೋಡಿ ನಕ್ಕಳು, ಆಮೇಲೆ ಸದ್ದೆಲ್ಲ ಅಡಗಿತು.

ಹಾರಿದಳು. ಒಂದು, ಕಿಣಿಕಿಣಿ, ಎರಡು, ನಾನು ಕಣ್ಣು ಮುಚ್ಚಿದ್ದೇನೆ, ಮೂರು, ಬೆಕ್ಕಿನ ಗಂಟೆ ಕೇಳಿತು, ಕ್ರಿಸ್‌ಮಸ್ ಗಂಟೆಗಳು ಕೇಳಿದವು, ನಾಲ್ಕು, ಐದು, ಡೊಕ್ ಇಲ್ಲ, ಆರು, ಡೊಕ್ ಇಲ್ಲ, ಬಿದ್ದುಹೋಗಿದೆ, ಎಲ್ಲೋ ದಾರಿಯಲ್ಲಿ ತಂತಿ ಸಡಿಲವಾಗಿ ಬಿದ್ದುಹೋಗಿದೆ, ಅಪ್ಪಾ ನೀನೇ ಕಾಪಾಡಿದೆ, ಕಣ್ಣು ತೆರೆದೆ, ಏಳು, ಅವಳ ಎಡಗೈ ಗಾಳಿಯಲ್ಲಿ ಹಾರಾಡುತ್ತಿದೆ, ಬಲಗೈ ಹಾರಾಡುತ್ತಿಲ್ಲ, ಬಲಗೈ ಸೊಂಟದ ಪಕ್ಕ ಒತ್ತಿಕೊಂಡಿದೆ, ಎಡದಿಂದ ನಾಲ್ಕನೇ ರಿಬ್ಬನ್ನು ಬಿಗಿಯಾಗಿ ಇಳಿದು ಆ ಕೈಯೊಳಗೆ ಹೋಗಿದೆ, ಮುಷ್ಟಿಯೊಳಗೆ, ಬೆರಳ ಗೆಣ್ಣು ಬೆಳ್ಳಗಾಗಿವೆ. ಎಂಟು. ಊಟದ ಸಾಲಿನಲ್ಲೂ ಆ ಕೈ ರಿಬ್ಬನ್ನುಗಳ ಒಳಗಿತ್ತು, ಒಂದೇ ಕೈಯಲ್ಲಿ ತಟ್ಟೆ ಹಿಡಿದಿದ್ದಳು, ಬೆಳಿಗ್ಗೆ ಕಾರು ರೈಲು ಹಳಿಯ ಮೇಲೆ ಎಗರಿದಾಗಲೂ ಆ ಗಂಟೆ ಸದ್ದು ಮಾಡಲಿಲ್ಲ, ಕೈ ಮಡಿಲಲ್ಲಿ ಮುಚ್ಚಿಕೊಂಡಿತ್ತು, ತುಂಬ ಹೊತ್ತು ಕೂತು ಮಾಡಿರ್ಬೇಕು, ನನಗೆ ಹೇಳಿದ್ದು ಅದು, ನನ್ನ ಬಗ್ಗೆಯೇ ಹೇಳಿದ್ದು, ನಿನ್ನೆ ಮೆಟ್ಟಿಲ ಮೇಲೆ ನನ್ನ ನಾಟಕದ ಗದ್ದಲದಲ್ಲಿ ನಾನು ಕೇಳಿಸಿಕೊಳ್ಳದ ಡೊಕ್ ಅವಳಿಗೆ ಕೇಳಿತ್ತು, ಅದಕ್ಕೇ ಅರ್ಧ ಸುತ್ತಿಗೆ ನಿಂತಳು, ಬೆನ್ನು ಹಾಕಿ ನಿಂತಳು, ಆ ದೀಪ ಉರಿದದ್ದು ಒಂದೂವರೆ ಸುತ್ತಿನ ಹೊತ್ತು ಅಷ್ಟೇ, ಅಲ್ಲಿಂದ ಈಚೆಗೆ ನಕ್ಕದ್ದೆಲ್ಲ ನನಗಾಗಿ, ಊಟದ ಸಾಲಿನಲ್ಲಿ ನಕ್ಕದ್ದು ನನಗಾಗಿ, ನಾನು ಖುಷಿಯಾಗಿದೀನಿ ನೋಡು, ಅವಳೂ ನನ್ನ ಬಾಗಿಲ ಹೊರಗೆ ನಿಂತು ಟವೆಲ್ ಬೇಕಾ ಅಮ್ಮಾ ಎಂದು ಕೇಳುತ್ತಿದ್ದಾಳೆ. ಒಂಬತ್ತು. ನನ್ನನ್ನು ನೋಡಿದಳು, ಇಷ್ಟು ಜನರ ನಡುವೆ, ನೇರ ಈ ಬಾಗಿಲನ್ನು, ಈ ಬಲೆಟೋಪಿಯನ್ನು, ನಗುತ್ತಿದ್ದಾಳೆ, ಚಿಕ್ಕವಳಿದ್ದಾಗ ಸೂಜಿ ಚುಚ್ಚಿಸಿಕೊಳ್ಳುವಾಗ ನನ್ನ ಕಣ್ಣೀರು ನೋಡಿ, ನೋಯಲ್ಲ ಅಮ್ಮಾ, ನೋಯಲ್ಲ, ಎಂದು ನಗುತ್ತಿದ್ದ ಹಾಗೆ. ಹತ್ತು. ಚಪ್ಪಾಳೆ, ಕೋಚ್ ಏನೋ ಹೇಳುತ್ತಿದ್ದಾನೆ, ಬ್ಯಾಂಡು ಶುರುವಾಯಿತು, ಅವಳು ನಿಂತೇ ಇದ್ದಾಳೆ, ಬಿಡು ಮಗಾ, ಕೈ ಬಿಡು, ಗೊತ್ತಾಯಿತು ಎಂದು ಕೂಗು, ಬೈದುಬಿಡು, ಆಣೆ ಮುರಿದವಳೇ ಎಂದು ಊರೆದುರು ಬೈದುಬಿಡು, ಬೈಯದಿದ್ದರೆ ಬೇಡ, ಬಾರಿಸು, ಎರಡು ಸಲ ಬಾರಿಸು, ಬಂದು ನಿನ್ನ ಪಕ್ಕ ಕೂರುತ್ತೇನೆ, ಎರಡು ಸಲ ಬೇಡದಿದ್ದರೆ ಒಂದು ಸಲ, ನೀರು ಕೇಳು, ಬರೀ ನೀರು ಕೇಳು, ಈ ಒದ್ದೆ ಕೈಯಲ್ಲೇ ಓಡಿ ತರುತ್ತೇನೆ, ಕೇಳು ಚಿನ್ನಾ, ಒಂದೇ ಒಂದು ಸಲ — ರಿಬ್ಬನ್ನು ಇಳಿಯುತ್ತದೆ, ಕೈಯೊಳಗೆ ಹೋಗುತ್ತದೆ, ಬೆರಳುಗಳು ಅದರ ಮೇಲೆ, ಬೆಳ್ಳಗೆ, ಬಿಗಿಯಾಗಿ, ಆ ಮುಷ್ಟಿ, ಬಿಚ್ಚುತ್ತಿಲ್ಲ, ಆ ಮುಷ್ಟಿ